ಹಾಟ್‌ಪ್ಲಗ್ ಸಾಧನಗಳಿಗೆ ಬಸ್ ಸಂಖ್ಯೆ ಹಂಚುವುದು ಹೇಗೆ: ಕರ್ನಲ್ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಯಂತ್ರ ಓಡುತ್ತಿದೆ. ನೀವು ಒಂದು ಡಾಕ್ (ಹಲವು ಸಾಧನಗಳನ್ನು ಒಂದೇ ಕೇಬಲ್ಲಿನಲ್ಲಿ ಸೇರಿಸುವ ಪೆಟ್ಟಿಗೆ) ತಂದು ಚುಚ್ಚುತ್ತೀರಿ. ಹೀಗೆ ಓಡುವ ಯಂತ್ರಕ್ಕೆ ಸಾಧನ ಸೇರಿಸುವುದೇ ಹಾಟ್‌ಪ್ಲಗ್. ಪವರ್ ಬರುತ್ತದೆ, ಲಿಂಕ್ ಕೂಡ ಬರುತ್ತದೆ, ಆದರೆ ಡಾಕ್ ಒಳಗಿನ ನೆಟ್‌ವರ್ಕ್ ಕಾರ್ಡ್ ಕಾಣುವುದೇ ಇಲ್ಲ. ಲಾಗ್ ತೆಗೆದು ನೋಡಿದರೆ ಒಂದೇ ಸಾಲು: ಹೊಸದಾಗಿ ಸೇರಿದ ಬ್ರಿಡ್ಜ್‌ಗೆ (ಒಂದು ಬಸ್ ಅನ್ನು ಇನ್ನೊಂದಕ್ಕೆ ಜೋಡಿಸುವ ಸಾಧನ) ಕೊಡಲು ಬಸ್ ಸಂಖ್ಯೆ ಇಲ್ಲ. ಲಿನಕ್ಸ್ ಕರ್ನಲ್ ಹೆಚ್ಚು ಕಡಿಮೆ ಇದೇ ಮಾತನ್ನು ಇಂಗ್ಲಿಷಿನಲ್ಲಿ ಬರೆಯುತ್ತದೆ. ಇಡೀ ಯಂತ್ರದಲ್ಲಿ ಬಳಕೆಯಾಗಿರುವುದು ಹತ್ತು ಹನ್ನೆರಡು ಸಂಖ್ಯೆ. ಇರುವುದು 256. ಹಾಗಾದರೆ ಉಳಿದದ್ದೆಲ್ಲ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಬೇಕಾದ ಕಡೆ ಇಲ್ಲ, ಅಷ್ಟೇ. ಕಾರ್ಡ್‌ಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಬಸ್ ಸಂಖ್ಯೆಯ ಕೊರತೆ ಅಂದರೆ ಬಹುತೇಕ ಜಾಗದ ಕೊರತೆ. ಆ ಜಾಗವನ್ನು ಬೂಟ್ ಆಗುವಾಗಲೇ ಬಿಟ್ಟಿರಬೇಕು. ಸಾಧನ ಬಂದ ಮೇಲೆ ಹುಡುಕಲು ಹೊರಟರೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಹಾಟ್‌ಪ್ಲಗ್ ಆಗುವ ಕ್ಷಣದ ಬಗ್ಗೆ ಇಲ್ಲದೆ ಅದಕ್ಕೂ ಮೊದಲಿನ ಕೆಲಸದ ಬಗ್ಗೆ ಇರುವುದು ಅದಕ್ಕೇ.

ನೀವು ಸ್ವಂತ ಕರ್ನಲ್ ಬರೆಯುತ್ತಿದ್ದೀರಿ, ಅಥವಾ ಲಿನಕ್ಸ್ ಒಳಗೆ ಏನು ನಡೆಯುತ್ತದೆ ಎಂದು ತಿಳಿಯಬೇಕಾಗಿದೆ ಎಂದುಕೊಂಡು ಬರೆಯುತ್ತಿದ್ದೇನೆ. ಕಾನ್ಫಿಗ್ ಸ್ಪೇಸ್ (ಪ್ರತಿ ಸಾಧನದ ಸಂರಚನೆಯ ರಿಜಿಸ್ಟರ್‌ಗಳಿರುವ ಜಾಗ) ಓದಿ ಬರೆಯುವ ಫಂಕ್ಷನ್‌ಗಳು ನಿಮ್ಮ ಬಳಿ ಆಗಲೇ ಇವೆ ಎಂದೂ ಅಂದುಕೊಂಡಿದ್ದೇನೆ.

ಬಸ್ ಸಂಖ್ಯೆ ಬಿಡಿ ಸಂಖ್ಯೆಯಲ್ಲ

ಪಿಸಿಐನಲ್ಲಿ ಪ್ರತಿ ಫಂಕ್ಷನ್‌ಗೂ (ಇಲ್ಲಿ ಕೋಡ್ ಅಲ್ಲ, ಸಾಧನದ ಒಳಗಿನ ಒಂದು ಸ್ವತಂತ್ರ ಘಟಕ) 16 ಬಿಟ್‌ಗಳ ಗುರುತು ಇರುತ್ತದೆ. ಬಸ್‌ಗೆ 8 ಬಿಟ್, ಡಿವೈಸ್‌ಗೆ 5, ಫಂಕ್ಷನ್‌ಗೆ 3. ಹಾಗಾಗಿ ಒಂದು ಸೆಗ್ಮೆಂಟ್‌ನಲ್ಲಿ, ಅಂದರೆ ಬಸ್ ಸಂಖ್ಯೆಗಳ ಒಂದು ಪ್ರತ್ಯೇಕ ಗುಂಪಿನಲ್ಲಿ, 0ಯಿಂದ 255ರವರೆಗೆ 256 ಬಸ್. ಹಳೆಯ ಪಿಸಿಐನಲ್ಲಿ ಒಂದೇ ಬಸ್ ಮೇಲೆ ಹಲವು ಕಾರ್ಡ್ ಕೂರುತ್ತಿದ್ದವು, ಆಗ 256 ಧಾರಾಳವಾಗಿತ್ತು. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಹಾಗಲ್ಲ. ಇಲ್ಲಿ ಒಂದೊಂದು ಲಿಂಕೂ ಒಂದೊಂದು ಬಸ್. ಪ್ರೊಸೆಸರ್ ಕಡೆಯಿರುವ ರೂಟ್ ಪೋರ್ಟ್ ಒಂದು ಬ್ರಿಡ್ಜ್. ಒಂದು ಲಿಂಕನ್ನು ಹಲವಾಗಿ ಕವಲೊಡೆಸುವುದು ಸ್ವಿಚ್. ಸ್ವಿಚ್‌ನ ಅಪ್‌ಸ್ಟ್ರೀಮ್ ಪೋರ್ಟ್ ಇನ್ನೊಂದು ಬ್ರಿಡ್ಜ್. ಅದರ ಪ್ರತಿ ಡೌನ್‌ಸ್ಟ್ರೀಮ್ ಪೋರ್ಟ್ ಕೂಡ ಬ್ರಿಡ್ಜೇ. ಏನೂ ಚುಚ್ಚದ ಖಾಲಿ ಪೋರ್ಟ್ ಕೂಡ ಒಂದು ಸಂಖ್ಯೆ ಹಿಡಿದುಕೊಂಡು ಕೂರುತ್ತದೆ.

ಪ್ರತಿ ಬ್ರಿಡ್ಜ್‌ನ ಕಾನ್ಫಿಗ್ ಸ್ಪೇಸ್‌ನಲ್ಲಿ ಮೂರು ಬೈಟ್‌ಗಳಿವೆ. 24ನೇ ಬೈಟ್ ಪ್ರೈಮರಿ, 25ನೆಯದು ಸೆಕೆಂಡರಿ, 26ನೆಯದು ಸಬಾರ್ಡಿನೇಟ್. ಹದಿನಾರರ ಲೆಕ್ಕದಲ್ಲಿ ಬರೆದರೆ 18, 19 ಮತ್ತು 1ಎ. ಪ್ರೈಮರಿ ಎಂದರೆ ಬ್ರಿಡ್ಜ್ ತಾನು ಕೂತಿರುವ ಬಸ್. ಸೆಕೆಂಡರಿ ಎಂದರೆ ಅದರ ಕೆಳಗೆ ನೇರವಾಗಿ ಇರುವ ಬಸ್. ಸಬಾರ್ಡಿನೇಟ್ ಎಂದರೆ ಅದರ ಕೆಳಗಿನ ಇಡೀ ಕೊಂಬೆಯಲ್ಲಿ ಬರಬಹುದಾದ ಅತಿ ದೊಡ್ಡ ಸಂಖ್ಯೆ.

ಮೇಲಿನಿಂದ ಒಂದು ಕಾನ್ಫಿಗ್ ವಿನಂತಿ ಬಂದಾಗ ಬ್ರಿಡ್ಜ್ ನೋಡುವುದು ಇಷ್ಟೇ: ಬಸ್ ಸಂಖ್ಯೆ ನನ್ನ ಸೆಕೆಂಡರಿಗೆ ಸಮವಾ? ಹಾಗಿದ್ದರೆ ಟೈಪ್ 0 (ಆ ಬಸ್ ಮೇಲಿನ ಸಾಧನಕ್ಕೇ ಹೋಗುವ ವಿನಂತಿ) ಮಾಡಿ ಕೆಳಗಿನ ಬಸ್‌ಗೆ ಕೊಡುತ್ತದೆ. ಸೆಕೆಂಡರಿಗಿಂತ ದೊಡ್ಡದು, ಸಬಾರ್ಡಿನೇಟ್ ದಾಟಿಲ್ಲ ಅಂದರೆ ಟೈಪ್ 1 (ಇನ್ನೂ ಮುಂದಿನ ಬಸ್‌ಗೆ ಹೋಗಬೇಕಾದ ವಿನಂತಿ) ಆಗಿಯೇ ಕೆಳಗೆ ಬಿಡುತ್ತದೆ. ಇವೆರಡೂ ಅಲ್ಲದಿದ್ದರೆ ಅದು ತನ್ನದಲ್ಲ. ಬ್ರಿಡ್ಜ್ ಒಳಗೆ ಪಟ್ಟಿ ಇಲ್ಲ, ಟೇಬಲ್ ಇಲ್ಲ. ಎರಡು ಸಂಖ್ಯೆ, ಒಂದು ಹೋಲಿಕೆ.

ಇದರಿಂದ ಮೂರು ನಿಯಮ ತಾವಾಗಿಯೇ ಹುಟ್ಟುತ್ತವೆ. ಮಗುವಿನ ವ್ಯಾಪ್ತಿ ತಾಯಿಯ ವ್ಯಾಪ್ತಿಯ ಒಳಗೇ ಇರಬೇಕು. ಒಂದೇ ಬಸ್ ಮೇಲಿನ ಇಬ್ಬರ ವ್ಯಾಪ್ತಿ ಒಂದರ ಮೇಲೊಂದು ಬೀಳಬಾರದು. ವ್ಯಾಪ್ತಿ ಸಾಲಾಗಿ ಇರಬೇಕು, ನಡುವೆ ಬೇರೆಯವರ ಸಂಖ್ಯೆ ನುಗ್ಗಬಾರದು.

ಈಗ ಮೊದಲಿನ ಡಾಕ್‌ಗೆ ಬನ್ನಿ. ಎರಡು ರೂಟ್ ಪೋರ್ಟ್ ಇವೆ ಎನ್ನೋಣ. ಮೊದಲನೆಯದು ಖಾಲಿ, ಅದಕ್ಕೆ ಬಸ್ 1. ಎರಡನೆಯದರಲ್ಲಿ ಡಿಸ್ಕ್ ಕಂಟ್ರೋಲರ್, ಅದಕ್ಕೆ ಬಸ್ 2. ಡಾಕ್‌ನಲ್ಲಿ ನಾಲ್ಕು ಡೌನ್‌ಸ್ಟ್ರೀಮ್ ಪೋರ್ಟ್‌ಗಳ ಸ್ವಿಚ್ ಇದೆ. ಲಿಂಕ್‌ಗೆ 1, ಸ್ವಿಚ್ ಒಳಗಿನ ಬಸ್‌ಗೆ 1, ನಾಲ್ಕು ಪೋರ್ಟ್‌ಗೆ 4, ಒಟ್ಟು 6 ಸಂಖ್ಯೆ ಬೇಕು. ಬಸ್ 1ರಿಂದ ಶುರುವಾಗಿ 6ರವರೆಗೆ ಸಾಲಾಗಿ ಬೇಕು. ಆದರೆ 2 ಆಗಲೇ ಪಕ್ಕದವರದು. 3ರಿಂದ 255ರವರೆಗೆ ಪೂರ್ತಿ ಖಾಲಿ ಇದ್ದರೂ ಒಂದೂ ಉಪಯೋಗಕ್ಕೆ ಬರುವುದಿಲ್ಲ.

ಹೆಜ್ಜೆ 1: ನಿಮ್ಮ ಗಡಿ ಎಲ್ಲಿದೆ ನೋಡಿಕೊಳ್ಳಿ

255ರವರೆಗೂ ನಿಮ್ಮದೇ ಎಂದುಕೊಂಡು ಶುರು ಮಾಡಬೇಡಿ. ಎಸಿಪಿಐ (ಫರ್ಮ್‌ವೇರ್ ಯಂತ್ರದ ವಿವರ ಕೊಡುವ ವ್ಯವಸ್ಥೆ) ಇರುವ ಯಂತ್ರದಲ್ಲಿ ಹೋಸ್ಟ್ ಬ್ರಿಡ್ಜ್‌ನ (ಇಡೀ ಪಿಸಿಐ ಮರವನ್ನು ಪ್ರೊಸೆಸರ್‌ಗೆ ಸೇರಿಸುವ ಬ್ರಿಡ್ಜ್) ಸಂಪನ್ಮೂಲ ಪಟ್ಟಿ ಬಸ್ ವ್ಯಾಪ್ತಿಯನ್ನು ಹೇಳುತ್ತದೆ. ಡಿವೈಸ್ ಟ್ರೀ (ಯಂತ್ರದ ವಿವರ ಕೊಡುವ ಇನ್ನೊಂದು ರೂಪ) ಇರುವ ಯಂತ್ರದಲ್ಲಿ ಬಸ್-ರೇಂಜ್ ಎಂಬ ಗುಣ ಅದೇ ಕೆಲಸ ಮಾಡುತ್ತದೆ.

ಇನ್ನೊಂದು ಗಡಿಯನ್ನು ಜಾಸ್ತಿ ಜನ ಮರೆಯುತ್ತಾರೆ. ಪಿಸಿಐ ಎಕ್ಸ್‌ಪ್ರೆಸ್ ಕಾನ್ಫಿಗ್ ಸ್ಪೇಸ್ ಮೆಮೊರಿಯಲ್ಲಿ ಮ್ಯಾಪ್ ಆಗಿರುತ್ತದೆ. ಪ್ರತಿ ಫಂಕ್ಷನ್‌ಗೆ 4 ಕೆಬಿ, ಅಂದರೆ ಪ್ರತಿ ಬಸ್‌ಗೆ 1 ಎಂಬಿ, 256 ಬಸ್‌ಗೆ 256 ಎಂಬಿ. ವಿಳಾಸ ಉಳಿಸಲು ಫರ್ಮ್‌ವೇರ್ ಬರೀ 64 ಎಂಬಿ ಕೊಟ್ಟಿದ್ದರೆ ನೀವು ಮುಟ್ಟಬಹುದಾದ್ದು 0ಯಿಂದ 63ರವರೆಗಿನ ಬಸ್ ಮಾತ್ರ. ಈ ಮ್ಯಾಪ್ ಎಲ್ಲಿದೆ ಎಂದು ಹೇಳುವ ಎಸಿಪಿಐನ ಎಂಸಿಎಫ್‌ಜಿ ಟೇಬಲ್‌ನಲ್ಲಿ ಆರಂಭದ ಮತ್ತು ಕೊನೆಯ ಬಸ್ ಎರಡೂ ಬರೆದಿರುತ್ತವೆ. ಎರಡು ಮೂಲಗಳನ್ನೂ ಓದಿ, ಎರಡರಲ್ಲೂ ಬರುವ ಭಾಗವನ್ನಷ್ಟೇ ಬಳಸಿ.

256 ಸಾಲದಿದ್ದರೆ ಇನ್ನೊಂದು ಸೆಗ್ಮೆಂಟ್ ಬೇಕು. ಅದು ಹಾರ್ಡ್‌ವೇರ್ ಕೊಡಬೇಕಾದ್ದು, ಸಾಫ್ಟ್‌ವೇರ್ ಹುಟ್ಟಿಸಲು ಆಗದು.

ಹೆಜ್ಜೆ 2: ಬಿಟ್‌ಮ್ಯಾಪ್ ಬೇಡ, ವ್ಯಾಪ್ತಿಯ ಮರ ಕಟ್ಟಿ

256 ಬಿಟ್‌ಗಳ ಬಿಟ್‌ಮ್ಯಾಪ್, ಬರೀ 32 ಬೈಟ್. ನೋಡಲು ಚೆಂದ. ಎಲ್ಲರೂ ಮೊದಲು ಅದನ್ನೇ ಬರೆಯುತ್ತಾರೆ, ನಾನೂ ಬರೆದಿದ್ದೆ. ನನ್ನ ಪರೀಕ್ಷಾ ಯಂತ್ರದಲ್ಲಿ ಕಾರ್ಡ್ ಚುಚ್ಚಿದ ತಕ್ಷಣ ಪಕ್ಕದ ಪೋರ್ಟ್‌ನ ಡಿಸ್ಕ್ ಮಾಯವಾಯಿತು. ಕೋಡ್ ಖಾಲಿ ಬಿಟ್ ಹುಡುಕಿ ಹೊಸ ಬ್ರಿಡ್ಜ್‌ಗೆ 3 ಕೊಟ್ಟಿತ್ತು. 3 ತಲುಪಲಿ ಎಂದು ಮೇಲಿನ ಪೋರ್ಟ್‌ನ ಸಬಾರ್ಡಿನೇಟ್ ಅನ್ನೂ 3 ಮಾಡಿತ್ತು. ಆದರೆ 2 ಪಕ್ಕದವರದು. ಈಗ 2ಕ್ಕೆ ಹೋಗುವ ವಿನಂತಿಗೆ ಇಬ್ಬರು ಒಡೆಯರು. ಬಿಟ್‌ಮ್ಯಾಪ್ ಪ್ರಕಾರ ಎಲ್ಲ ಸರಿಯಾಗಿತ್ತು!

ಅದಕ್ಕೆ ಪ್ರತಿ ಬಸ್‌ಗೂ ಎರಡು ಸಂಖ್ಯೆ ಇಡಿ, ಆರಂಭ ಮತ್ತು ಕೊನೆ. ಆರಂಭ ಅದರ ಸ್ವಂತ ಸಂಖ್ಯೆ, ಕೊನೆ ಅದರ ಕೊಂಬೆಗೆ ಕೊಟ್ಟ ಕೊನೆಯ ಸಂಖ್ಯೆ. ತಾಯಿ ಬಸ್‌ಗೆ ಕೊಂಡಿ ಇರಲಿ. ಲಿನಕ್ಸ್ ಮೆಮೊರಿ ಮತ್ತು ಐಒ ವ್ಯಾಪ್ತಿಗೆ ಬಳಸುವ ಅದೇ ಸಂಪನ್ಮೂಲ ಮರವನ್ನು ಬಸ್ ಸಂಖ್ಯೆಗೂ ಬಳಸುತ್ತದೆ. ಬೂಟ್ ಲಾಗ್‌ನಲ್ಲಿ ಪ್ರತಿ ಬಸ್‌ನ ಕೊನೆ ಇಂತಿಷ್ಟಕ್ಕೆ ಬದಲಾಯಿತು ಎಂದು ಬರುವ ಸಾಲುಗಳು ಆ ಮರದವೇ.

ಮರದ ಜೊತೆಗೇ ಒಂದು ತಪಾಸಣೆ ಫಂಕ್ಷನ್ ಬರೆದಿಟ್ಟುಕೊಳ್ಳಿ. ಮೇಲಿನ ಮೂರು ನಿಯಮಗಳನ್ನು ಇಡೀ ಮರದ ಮೇಲೆ ಪರೀಕ್ಷಿಸಬೇಕು. ಮರದಲ್ಲಿರುವ ಸಂಖ್ಯೆಯೂ ಬ್ರಿಡ್ಜ್ ರಿಜಿಸ್ಟರ್‌ನಲ್ಲಿರುವ ಸಂಖ್ಯೆಯೂ ಒಂದೇನಾ ಎಂದೂ ನೋಡಬೇಕು. ಪ್ರತಿ ಬದಲಾವಣೆಯ ನಂತರ ಅದನ್ನು ಕರೆಯಿರಿ. ಈ ಒಂದು ಫಂಕ್ಷನ್ ಎಷ್ಟೋ ರಾತ್ರಿಗಳನ್ನು ಉಳಿಸುತ್ತದೆ.

ಹೆಜ್ಜೆ 3: ಮೊದಲ ಸುತ್ತಿನಲ್ಲಿ ಇದ್ದದ್ದನ್ನು ಗೌರವಿಸಿ

ಕರ್ನಲ್ ಶುರುವಾಗುವ ಹೊತ್ತಿಗೆ ಫರ್ಮ್‌ವೇರ್ ಆಗಲೇ ಬ್ರಿಡ್ಜ್‌ಗಳಿಗೆ ಸಂಖ್ಯೆ ಕೊಟ್ಟಿರಬಹುದು. ಸುಮ್ನೆ ಎಲ್ಲವನ್ನೂ ಅಳಿಸಿ ಮತ್ತೆ ಬರೆಯುವ ಆಸೆ ಬರುತ್ತದೆ. ಮೊದಲ ಸುತ್ತಿನಲ್ಲಿ ಹಾಗೆ ಮಾಡಬೇಡಿ. ಫರ್ಮ್‌ವೇರ್‌ನ ಕೆಲವು ಭಾಗ ನಿಮ್ಮ ಬೆನ್ನ ಹಿಂದೆ ಓಡುತ್ತಲೇ ಇರುತ್ತದೆ. ಅದು ತಾನು ಕೊಟ್ಟ ಹಳೆಯ ಸಂಖ್ಯೆಯನ್ನೇ ನಂಬಿಕೊಂಡಿರಬಹುದು.

ಲಿನಕ್ಸ್ ಇಲ್ಲಿ ಎರಡು ಸುತ್ತು ಹಾಕುತ್ತದೆ, ನೀವೂ ಹಾಗೇ ಮಾಡಿ. ಮೊದಲ ಸುತ್ತಿನಲ್ಲಿ ಸರಿಯಾದ ಸಂಖ್ಯೆ ಇರುವ ಬ್ರಿಡ್ಜ್‌ಗಳನ್ನು ಮಾತ್ರ ಒಪ್ಪಿಕೊಂಡು ಅವುಗಳ ವ್ಯಾಪ್ತಿಯನ್ನು ಮರದಲ್ಲಿ ಸೇರಿಸಿ. ಎರಡನೇ ಸುತ್ತಿನಲ್ಲಿ ಉಳಿದವಕ್ಕೆ ಹೊಸ ಸಂಖ್ಯೆ ಕೊಡಿ. ಒಂದೇ ಸುತ್ತಿನಲ್ಲಿ ಎರಡನ್ನೂ ಮಾಡಿದರೆ, ಮುಂದೆ ಸಿಗಲಿರುವ ಬ್ರಿಡ್ಜ್‌ನ ಸಂಖ್ಯೆಯನ್ನೇ ನೀವು ಈಗ ಬೇರೆಯವರಿಗೆ ಕೊಟ್ಟುಬಿಡುತ್ತೀರಿ.

ಸರಿ ಎಂದರೆ ಏನು? ಪ್ರೈಮರಿ ನಿಜವಾಗಿ ಬ್ರಿಡ್ಜ್ ಕೂತಿರುವ ಬಸ್ ಆಗಿರಬೇಕು. ಸೆಕೆಂಡರಿ ಅದಕ್ಕಿಂತ ದೊಡ್ಡದಿರಬೇಕು. ಸಬಾರ್ಡಿನೇಟ್ ಸೆಕೆಂಡರಿಗಿಂತ ಚಿಕ್ಕದಿರಬಾರದು. ಇಡೀ ವ್ಯಾಪ್ತಿ ತಾಯಿಯ ಒಳಗಿರಬೇಕು, ಆಗಲೇ ಸೇರಿಸಿದ ಯಾರ ಮೇಲೂ ಬೀಳಬಾರದು.

ಹೆಜ್ಜೆ 4: ಹಾಟ್‌ಪ್ಲಗ್ ಪೋರ್ಟ್ ಗುರುತಿಸಿ, ಜಾಗ ಮೀಸಲಿಡಿ

ಯಾವ ಪೋರ್ಟ್‌ಗೆ ಮುಂದೆ ಏನಾದರೂ ಬರಬಹುದು ಎಂದು ಹಾರ್ಡ್‌ವೇರೇ ಹೇಳುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಕೇಪಬಿಲಿಟಿಯ (ಕಾನ್ಫಿಗ್ ಸ್ಪೇಸ್ ಒಳಗಿನ ಒಂದು ರಿಜಿಸ್ಟರ್ ಗುಂಪು) ಎರಡನೇ ಬೈಟ್‌ನಿಂದ ಶುರುವಾಗುವ ರಿಜಿಸ್ಟರ್‌ನಲ್ಲಿ 8ನೇ ಬಿಟ್ 1 ಇದ್ದರೆ ಅಲ್ಲಿ ಸ್ಲಾಟ್ ಇದೆ. ಆಗ 20ನೇ ಬೈಟ್‌ನಲ್ಲಿರುವ ಸ್ಲಾಟ್ ಕೇಪಬಿಲಿಟಿ ರಿಜಿಸ್ಟರ್ ಓದಿ. 6ನೇ ಬಿಟ್ ಹಾಟ್‌ಪ್ಲಗ್ ಆಗುತ್ತದೆ ಎನ್ನುತ್ತದೆ. 5ನೇ ಬಿಟ್, ಹೇಳದೆ ಕೇಳದೆ ಕಿತ್ತುಕೊಂಡು ಹೋಗಬಹುದು ಎನ್ನುತ್ತದೆ. ಬೈಟ್, ಬಿಟ್ ಎರಡನ್ನೂ 0ಯಿಂದ ಎಣಿಸಿ.

ಎಷ್ಟು ಮೀಸಲಿಡಬೇಕು? ಇಲ್ಲಿಯೇ ನಿಜವಾದ ತೀರ್ಮಾನ ಇರುವುದು. ಲಿನಕ್ಸ್‌ನಲ್ಲಿ ಹಾಟ್‌ಪ್ಲಗ್ ಬ್ರಿಡ್ಜ್‌ನ ಕೆಳಗೆ ಕನಿಷ್ಠ ಎಷ್ಟು ಬಸ್ ಇಡಬೇಕು ಎಂದು ಎಚ್‌ಪಿಬಸ್‌ಸೈಜ್ ಎಂಬ ಬೂಟ್ ಆಯ್ಕೆಯಲ್ಲಿ ಹೇಳಬಹುದು. ಅದರ ಡೀಫಾಲ್ಟ್ ಬೆಲೆ 1. ಹಳೆಯ ಲ್ಯಾಪ್‌ಟಾಪ್‌ಗಳ ಕಾರ್ಡ್‌ಬಸ್ ಸ್ಲಾಟ್‌ಗೆ ಲಿನಕ್ಸ್ 4 ಬಿಡುತ್ತದೆ, ಏಕೆಂದರೆ ಒಳಗೆ ಬ್ರಿಡ್ಜ್ ಇರುವ ಕಾರ್ಡ್ ಬರಬಹುದು.

ಲೆಕ್ಕ ಹೀಗೆ ಹಾಕಿ. ಒಳಗೆ ಬ್ರಿಡ್ಜ್ ಇಲ್ಲದ ಸಾಧನಕ್ಕೆ, ಉದಾಹರಣೆಗೆ ಎನ್‌ವಿಎಂಇ ಡಿಸ್ಕ್‌ಗೆ, 1 ಸಾಕು. ಸ್ವಿಚ್ ಇರುವ ಸಾಧನಕ್ಕೆ ಅದರ ಡೌನ್‌ಸ್ಟ್ರೀಮ್ ಪೋರ್ಟ್‌ಗಳ ಎಣಿಕೆ, ಜೊತೆಗೆ 2. ಆ ಡೌನ್‌ಸ್ಟ್ರೀಮ್ ಪೋರ್ಟ್‌ಗಳಲ್ಲಿ ಯಾವುದಾದರೂ ಮತ್ತೆ ಹಾಟ್‌ಪ್ಲಗ್ ಆಗಿದ್ದರೆ ಅದರ ಕೆಳಗೆ ಇದೇ ಲೆಕ್ಕ ಇನ್ನೊಮ್ಮೆ.

ನನ್ನ ಅಭಿಪ್ರಾಯ: ಸರ್ವರ್‌ನ ಡಿಸ್ಕ್ ಸ್ಲಾಟ್‌ಗಳಿಗೆ ತಲಾ 1 ಅಥವಾ 2 ಸಾಕು. ಅಲ್ಲಿ ಸ್ಲಾಟ್‌ಗಳೇ ಹತ್ತಾರು ಇರುತ್ತವೆ, ತಲಾ 8 ಕೊಡುತ್ತಾ ಹೋದರೆ 32 ಸ್ಲಾಟ್‌ಗೇ 256 ಮುಗಿಯುತ್ತದೆ. ಸಾಮಾನ್ಯ ಕಾರ್ಡ್ ಸ್ಲಾಟ್‌ಗೆ 8 ಇಡಿ. ಥಂಡರ್‌ಬೋಲ್ಟ್‌ನಂತೆ ಒಂದರ ಹಿಂದೆ ಒಂದು ಸಾಧನ ಸಾಲುಗಟ್ಟುವ ಪೋರ್ಟ್‌ಗಳಿಗೆ, ಬೇರೆಯವರಿಗೆಲ್ಲ ಕೊಟ್ಟು ಉಳಿದದ್ದನ್ನು ಪೂರ್ತಿ ಹಂಚಿಬಿಡಿ. ಬಳಸದೆ ಉಳಿದ ಸಂಖ್ಯೆಗೆ ಖರ್ಚಿಲ್ಲ, ಉಳಿಸಿಟ್ಟು ಯಾರಿಗೂ ಲಾಭವೂ ಇಲ್ಲ.

ಫರ್ಮ್‌ವೇರ್ ಹಾಟ್‌ಪ್ಲಗ್ ಪೋರ್ಟ್‌ಗೆ ಒಂದೇ ಸಂಖ್ಯೆ ಕೊಟ್ಟು, ಮುಂದಿನದನ್ನು ಪಕ್ಕದವರಿಗೆ ಕೊಟ್ಟುಬಿಟ್ಟಿದ್ದರೆ? ಆಗ ಮೊದಲ ಸುತ್ತಿನ ಗೌರವ ಬಿಟ್ಟು ಪೂರ್ತಿ ಹೊಸದಾಗಿ ಸಂಖ್ಯೆ ಕೊಡಬೇಕು. ಎಕ್ಸ್86 ಲಿನಕ್ಸ್‌ನಲ್ಲಿ ಇದಕ್ಕೆ ಅಸೈನ್-ಬಸಸ್ ಎಂಬ ಬೂಟ್ ಆಯ್ಕೆ ಇದೆ. ಅದು ಫರ್ಮ್‌ವೇರ್ ಮಾಡಿದ್ದನ್ನು ಬದಿಗಿಟ್ಟು ಎಲ್ಲ ಸಂಖ್ಯೆಗಳನ್ನೂ ಕರ್ನಲ್ಲೇ ಕೊಡುವಂತೆ ಮಾಡುತ್ತದೆ. ನಿಮ್ಮ ಕರ್ನಲ್‌ನಲ್ಲೂ ಇಂಥದ್ದೊಂದು ಇರಲಿ, ಆದರೆ ಬಳಸುವವರು ಕೇಳಿದಾಗ ಮಾತ್ರ. ಬೂಟ್ ಸಮಯದಲ್ಲಿ ಇನ್ನೂ ಒಂದೂ ಡ್ರೈವರ್ ಅಂಟಿಕೊಂಡಿಲ್ಲ, ಡಿಎಂಎ (ಸಾಧನ ತಾನೇ ಮೆಮೊರಿ ಓದಿ ಬರೆಯುವುದು) ಶುರುವಾಗಿಲ್ಲ. ಸಂಖ್ಯೆ ಬದಲಿಸುವುದಾದರೆ ಆಗಲೇ ಬದಲಿಸಬೇಕು.

ಹೆಜ್ಜೆ 5: ಇರುವುದನ್ನು ಹಂಚಿ

ಹಂಚಿಕೆಯ ಸರಳ ಕ್ರಮ ಇದು. ಒಂದು ಬಸ್ ಮೇಲೆ ಎಷ್ಟು ಹಾಟ್‌ಪ್ಲಗ್ ಬ್ರಿಡ್ಜ್ ಇವೆ, ಎಷ್ಟು ಸಾಮಾನ್ಯ ಬ್ರಿಡ್ಜ್ ಇವೆ ಎಂದು ಎಣಿಸಿ. ಸಾಮಾನ್ಯದವಕ್ಕೆ ಬೇಕಾದಷ್ಟನ್ನು ಮೊದಲು ತೆಗೆದಿಡಿ. ಉಳಿದದ್ದನ್ನು ಹಾಟ್‌ಪ್ಲಗ್ ಬ್ರಿಡ್ಜ್‌ಗಳ ನಡುವೆ ಸಮನಾಗಿ ಹಂಚಿ. ಹಾಟ್‌ಪ್ಲಗ್ ಒಂದೂ ಇಲ್ಲ, ಸಾಮಾನ್ಯ ಬ್ರಿಡ್ಜ್ ಒಂದೇ ಇದೆ ಎಂದಾದರೆ ಉಳಿದದ್ದೆಲ್ಲ ಅದಕ್ಕೇ ಕೊಡಿ. ಹಾಟ್‌ಪ್ಲಗ್ ಪೋರ್ಟ್ ಅದರ ಕೆಳಗೆ ಎಲ್ಲೋ ಇರಬಹುದು. ಸ್ವಿಚ್‌ನ ಅಪ್‌ಸ್ಟ್ರೀಮ್ ಪೋರ್ಟ್ ಇಂಥದ್ದೇ. ಲಿನಕ್ಸ್ 4.15ರಿಂದ ಇದೇ ದಾರಿ ಹಿಡಿದಿದೆ.

ಕಾಗದ ಪೆನ್ನು ತೆಗೆದುಕೊಳ್ಳಿ, ಒಂದು ಲೆಕ್ಕ ಹಾಕೋಣ. ರೂಟ್ ಪೋರ್ಟ್‌ಗೆ 1ರಿಂದ 40 ಸಿಕ್ಕಿದೆ. ಡಾಕ್‌ನಲ್ಲಿ ನಾಲ್ಕು ಡೌನ್‌ಸ್ಟ್ರೀಮ್ ಪೋರ್ಟ್, ಎರಡು ಸಾಮಾನ್ಯ, ಎರಡು ಹಾಟ್‌ಪ್ಲಗ್. ಲಿಂಕ್ ಬಸ್ 1. ಸ್ವಿಚ್ ಒಳಗಿನ ಬಸ್ 2. ಉಳಿದದ್ದು 3ರಿಂದ 40, ಅಂದರೆ 38. ಸಾಮಾನ್ಯದವಕ್ಕೆ ತಲಾ 1 ತೆಗೆದರೆ 36. ಹಾಟ್‌ಪ್ಲಗ್‌ಗೆ ತಲಾ 18. ಪೋರ್ಟ್‌ಗಳ ಕ್ರಮದಲ್ಲಿ ಬರೆದರೆ ಮೊದಲ ಸಾಮಾನ್ಯ ಪೋರ್ಟ್‌ಗೆ 3, ಮೊದಲ ಹಾಟ್‌ಪ್ಲಗ್‌ಗೆ 4ರಿಂದ 21, ಎರಡನೇ ಸಾಮಾನ್ಯಕ್ಕೆ 22, ಎರಡನೇ ಹಾಟ್‌ಪ್ಲಗ್‌ಗೆ 23ರಿಂದ 40.

ಈಗ ಮೊದಲ ಹಾಟ್‌ಪ್ಲಗ್ ಪೋರ್ಟ್‌ಗೆ ಅಂಥದ್ದೇ ಇನ್ನೊಂದು ಡಾಕ್ ಚುಚ್ಚಿ. ಲಿಂಕ್ 4, ಒಳಗಿನ ಬಸ್ 5, ಉಳಿದದ್ದು 16. ಸಾಮಾನ್ಯಕ್ಕೆ 2 ಹೋಗಿ 14, ಹಾಟ್‌ಪ್ಲಗ್‌ಗೆ ತಲಾ 7. ಮೊದಲ ಹಾಟ್‌ಪ್ಲಗ್‌ಗೆ ಬರುವುದು 7ರಿಂದ 13. ಅಲ್ಲಿಗೆ ಮೂರನೇ ಡಾಕ್ ಹಾಕಿ. ಲಿಂಕ್ 7, ಒಳಗಿನ ಬಸ್ 8, ಉಳಿದದ್ದು 5. ಸಾಮಾನ್ಯಕ್ಕೆ 2 ಹೋದರೆ 3, ಹಾಟ್‌ಪ್ಲಗ್‌ಗೆ ತಲಾ 1, ಒಂದು ಮಿಕ್ಕಿತು. ನಾಲ್ಕನೇ ಡಾಕ್‌ಗೆ ಜಾಗವೇ ಇಲ್ಲ.

40 ಸಂಖ್ಯೆ ಮೂರೇ ಡಾಕ್‌ಗೆ ಮುಗಿಯಿತು, ನೋಡಿದಿರಾ? ಪ್ರತಿ ಹಂತದಲ್ಲೂ ಅರ್ಧ ಪಾಲು ಯಾರೂ ಚುಚ್ಚದ ಇನ್ನೊಂದು ಪೋರ್ಟ್‌ಗೆ ಹೋಗುತ್ತಿದೆ. ಅದೇ ಡಾಕ್‌ನಲ್ಲಿ ಹಾಟ್‌ಪ್ಲಗ್ ಪೋರ್ಟ್ ಒಂದೇ ಇದ್ದು ಸಾಮಾನ್ಯ ಪೋರ್ಟ್ ಮೂರಿದ್ದರೆ ಕಥೆಯೇ ಬೇರೆ. ಆಗ ಒಂದೊಂದು ಡಾಕ್ ತಿನ್ನುವುದು 5 ಸಂಖ್ಯೆ, ಉಳಿದದ್ದೆಲ್ಲ ಮುಂದಿನವರಿಗೆ. 40ರಲ್ಲಿ ಏಳು ಡಾಕ್ ಪೂರ್ತಿಯಾಗಿ ಕೂರುತ್ತವೆ. ಥಂಡರ್‌ಬೋಲ್ಟ್ 3ರಲ್ಲಿ ಒಂದು ಸಾಲಿಗೆ ಆರು ಸಾಧನದ ಮಿತಿ ಇರುವುದರಿಂದ ಅದು ಸಾಕು. ಸಮ ಹಂಚಿಕೆ ನ್ಯಾಯವಾಗಿ ಕಾಣುತ್ತದೆ, ಆದರೆ ಕವಲು ಜಾಸ್ತಿಯಾದಷ್ಟೂ ಆಳ ಬೇಗ ಮುಗಿಯುತ್ತದೆ. ನಿಮ್ಮ ಯಂತ್ರದಲ್ಲಿ ಯಾವ ಪೋರ್ಟ್‌ಗೆ ಉದ್ದ ಸರಪಳಿ ಬರುತ್ತದೆ ಎಂದು ಗೊತ್ತಿದ್ದರೆ ಅದಕ್ಕೆ ಜಾಸ್ತಿ ಪಾಲು ಕೊಡುವ ಆಯ್ಕೆ ಇಡಿ.

ಭಾಗಿಸಿ ಮಿಕ್ಕದ್ದನ್ನು ಕೊನೆಯ ಹಾಟ್‌ಪ್ಲಗ್ ಬ್ರಿಡ್ಜ್‌ಗೆ ಸೇರಿಸಿಬಿಡಿ. ಮೇಲಿನ ಉದಾಹರಣೆಯಲ್ಲಿ ಹಾಗೆ ಉಳಿದ 13 ಯಾರಿಗೂ ಸೇರದೆ ಹೋಗುವುದು ಯಾಕೆ?

ಹೆಜ್ಜೆ 6: ಸಾಧನ ಬಂದೇ ಬಿಟ್ಟಿತು

ಮೊದಲು ಬೀಗ. ಸ್ಕ್ಯಾನ್ ಮತ್ತು ತೆಗೆಯುವಿಕೆ ಎರಡಕ್ಕೂ ಇಡೀ ಪಿಸಿಐ ಮರಕ್ಕೆ ಒಂದೇ ಬೀಗ ಇರಲಿ. ಲಿನಕ್ಸ್‌ನಲ್ಲೂ ಹಾಗೇ ಇದೆ. ಎರಡು ಸ್ಲಾಟ್‌ಗೆ ಒಟ್ಟಿಗೇ ಸಾಧನ ಬಂದರೆ ಒಬ್ಬರು ಕಾಯಲಿ. ಇಲ್ಲಿ ವೇಗ ಮುಖ್ಯವಲ್ಲ.

ಲಿಂಕ್ ಬಂದ ಕೂಡಲೇ ಓದಲು ಹೋಗಬೇಡಿ, 100 ಮಿಲಿಸೆಕೆಂಡ್ ಕಾಯಿರಿ. ಆಮೇಲೆ ಡಿವೈಸ್ 0ಯ ವೆಂಡರ್ ಐಡಿ ಓದಿ. ಎಲ್ಲ ಬಿಟ್‌ಗಳೂ 1 ಬಂದರೆ ಯಾರೂ ಇಲ್ಲ. ರಿಟ್ರೈ ಉತ್ತರ ಕಾಣುವಂತೆ ರೂಟ್ ಪೋರ್ಟ್‌ನಲ್ಲಿ ನೀವು ಆನ್ ಮಾಡಿದ್ದರೆ 0001 ಕೂಡ ಬರಬಹುದು. ಸಾಧನ ಇದೆ, ಇನ್ನೂ ತಯಾರಾಗಿಲ್ಲ ಎಂದು ಅದರ ಅರ್ಥ. ಸ್ವಲ್ಪ ಬಿಟ್ಟು ಮತ್ತೆ ಕೇಳಿ. ಡೌನ್‌ಸ್ಟ್ರೀಮ್ ಪೋರ್ಟ್‌ನ ಕೆಳಗೆ ಇರುವುದು ಡಿವೈಸ್ 0 ಮಾತ್ರ, ಉಳಿದ 31 ಜಾಗ ತಡಕುವ ಕೆಲಸವಿಲ್ಲ.

ಹೆಡರ್ ಟೈಪ್‌ನ ಕೆಳಗಿನ 7 ಬಿಟ್ 1 ಎಂದರೆ ಬಂದಿರುವುದು ಬ್ರಿಡ್ಜ್. ಅದರ ಮೂರು ಬೈಟ್‌ಗಳಲ್ಲಿ ಈಗ 0, 0, 0 ಇರುತ್ತದೆ, ಈಗಷ್ಟೇ ಪವರ್ ಬಂದಿದೆ ಅಲ್ವಾ. ಬ್ರಿಡ್ಜ್‌ನ ಸಂರಚನೆ ಸರಿಯಿಲ್ಲ, ಮತ್ತೆ ಮಾಡುತ್ತಿದ್ದೇನೆ ಎಂದು ಲಿನಕ್ಸ್ ಲಾಗ್‌ನಲ್ಲಿ ಬರೆಯುವುದು ಇದನ್ನೇ ನೋಡಿ. ಹಾಟ್‌ಪ್ಲಗ್‌ನಲ್ಲಿ ಅದು ಸಹಜ, ಆ ಸಾಲು ನೋಡಿ ಗಾಬರಿಯಾಗಬೇಡಿ.

ಈಗ ಸಂಖ್ಯೆ. ತಾಯಿ ಬಸ್‌ನ ವ್ಯಾಪ್ತಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗಿ, ಬಳಕೆಯಲ್ಲಿಲ್ಲದ ಮೊದಲ ಸಂಖ್ಯೆ ಹುಡುಕಿ. ಇನ್ನೊಂದು ಬ್ರಿಡ್ಜ್‌ಗೆ ಮೀಸಲಾದ ಸಂಖ್ಯೆಯನ್ನೂ ಬಳಕೆಯಲ್ಲಿದೆ ಎಂದೇ ಎಣಿಸಬೇಕು. ಮೂರು ಬೈಟ್‌ಗಳನ್ನೂ ಒಂದೇ 32 ಬಿಟ್ ಬರಹದಲ್ಲಿ ಬರೆಯಿರಿ, ನಾಲ್ಕನೇ ಬೈಟ್‌ನಲ್ಲಿ ಏನಿತ್ತೋ ಹಾಗೇ ಉಳಿಸಿ. ಒಂದೊಂದಾಗಿ ಬರೆದರೆ ನಡುವಿನ ಕ್ಷಣದಲ್ಲಿ ಬ್ರಿಡ್ಜ್‌ಗೆ ತಪ್ಪು ವ್ಯಾಪ್ತಿ ಇರುತ್ತದೆ.

ಸಬಾರ್ಡಿನೇಟ್‌ಗೆ ಏನು ಬರೆಯುವುದು? ಕೆಳಗೆ ಎಷ್ಟು ಬಸ್ ಇವೆ ಎಂದು ಇನ್ನೂ ಗೊತ್ತಿಲ್ಲ. ಆದರೆ ಬರೆಯದೆ ಕೆಳಗೆ ಸ್ಕ್ಯಾನ್ ಮಾಡಲೂ ಆಗದು. ತಾತ್ಕಾಲಿಕವಾಗಿ 255 ಬರೆಯುವ ಪಾಠವನ್ನು ಹಲವು ಕಡೆ ನೋಡಿರುತ್ತೀರಿ. ಬೂಟ್ ಸಮಯದಲ್ಲಿ ಅದು ನಡೆಯುತ್ತದೆ. ಓಡುವ ಯಂತ್ರದಲ್ಲಿ ಬೇಡ. ಪಕ್ಕದ ಬ್ರಿಡ್ಜ್‌ಗೆ ಹೋಗಬೇಕಾದ ವಿನಂತಿಯನ್ನು ಹೊಸ ಬ್ರಿಡ್ಜ್ ತನ್ನದೆನ್ನುತ್ತದೆ. ಈ ಬ್ರಿಡ್ಜ್‌ಗೆ ಸಿಕ್ಕಿರುವ ಪಾಲಿನ ಕೊನೆಯ ಸಂಖ್ಯೆಯನ್ನೇ ಬರೆಯಿರಿ.

ಕೆಳಗೆ ಇಳಿದು ಇದೇ ಕೆಲಸ ಮತ್ತೆ ಮಾಡಿ. ಮೇಲೆ ಬರುವಾಗ ಸಬಾರ್ಡಿನೇಟ್ ಅನ್ನು ನಿಜವಾಗಿ ಬಳಸಿದಷ್ಟಕ್ಕೆ ಇಳಿಸಬಹುದು. ಕೊಂಬೆಯಲ್ಲಿ ಹಾಟ್‌ಪ್ಲಗ್ ಪೋರ್ಟ್ ಇದ್ದರೆ ಮಾತ್ರ ಇಳಿಸಬೇಡಿ, ಅದು ಮುಂದಿನವರಿಗೆ ಬಿಟ್ಟ ಜಾಗ. ಸಂಖ್ಯೆಗಳೆಲ್ಲ ಮುಗಿದ ಮೇಲೆ ಮೆಮೊರಿ ವ್ಯಾಪ್ತಿ ಹಂಚಿ, ಅದಾದ ಮೇಲೆ ಡ್ರೈವರ್ ಅಂಟಿಸಿ. ಈ ಕ್ರಮ ತಿರುಗಬಾರದು.

ಹೆಜ್ಜೆ 7: ಜಾಗ ಸಾಲದಿದ್ದರೆ

ಒಂದು ದಾರಿ ಇದೆ, ಮೇಲಕ್ಕೆ ಹಿಗ್ಗಿಸುವುದು. ಪೋರ್ಟ್‌ನ ವ್ಯಾಪ್ತಿ 5ರಿಂದ 8, ಪಕ್ಕದವರದು 20ರಿಂದ ಶುರು ಎಂದರೆ 19ರವರೆಗೆ ಹಿಗ್ಗಬಹುದು. ಯಾರ ಸಂಖ್ಯೆಯೂ ಬದಲಾಗುವುದಿಲ್ಲ, ಸಬಾರ್ಡಿನೇಟ್ ಮಾತ್ರ ದೊಡ್ಡದಾಗುತ್ತದೆ. ಮೇಲಿನ ಬ್ರಿಡ್ಜ್‌ಗಳೂ ಹಿಗ್ಗಬೇಕಿದ್ದರೆ ಮೊದಲು ಬೇರಿನವರೆಗೂ ಸಾಧ್ಯವೇ ಎಂದು ನೋಡಿ. ಆಮೇಲೆ ಬೇರಿನಿಂದ ಕೆಳಕ್ಕೆ ಬರೆಯುತ್ತಾ ಬನ್ನಿ. ಅರ್ಧಕ್ಕೆ ಬರೆದು ಆಮೇಲೆ ಆಗುವುದಿಲ್ಲ ಎಂದು ತಿಳಿಯುವುದು ಬಹಳ ಕೆಟ್ಟ ಪರಿಸ್ಥಿತಿ.

ಪಕ್ಕದವರನ್ನು ಸರಿಸಿ ಜಾಗ ಮಾಡೋಣ ಎಂಬ ಯೋಚನೆ ಬೇಡ. ಬಸ್ ಸಂಖ್ಯೆ ಬರೀ ವಿಳಾಸವಲ್ಲ. ಸಾಧನ ಡಿಎಂಎ ಮಾಡುವಾಗ ಪ್ರತಿ ಪ್ಯಾಕೆಟ್‌ನಲ್ಲೂ ತನ್ನ ಗುರುತು ಹಾಕುತ್ತದೆ, ಅದರಲ್ಲಿ ಬಸ್ ಸಂಖ್ಯೆ ಇದೆ. ಓದಿದ ಡೇಟಾ ವಾಪಸ್ ಬರುವುದು ಆ ಗುರುತಿನ ಮೇಲೆಯೇ. ಇಂಟೆಲ್‌ನ ಐಒಎಂಎಂಯುನಲ್ಲಿ (ಸಾಧನಗಳು ಯಾವ ಮೆಮೊರಿ ಮುಟ್ಟಬಹುದು ಎಂದು ನಿಯಂತ್ರಿಸುವ ಘಟಕ) ಮೊದಲ ಟೇಬಲ್‌ನ 256 ಸಾಲುಗಳು ಬಸ್ ಸಂಖ್ಯೆಗೆ ಒಂದೊಂದರಂತೆ ಇವೆ. ಇಂಟರಪ್ಟ್ ರೀಮ್ಯಾಪಿಂಗ್ ಕೂಡ ಬಂದದ್ದು ಯಾರಿಂದ ಎಂದು ಅದೇ ಗುರುತಿನಿಂದ ಪರೀಕ್ಷಿಸುತ್ತದೆ. ಎಸಿಎಸ್ (ಪ್ಯಾಕೆಟ್‌ಗಳ ಮೇಲೆ ಕಾವಲು ಇಡುವ ಸೌಲಭ್ಯ) ಇರುವ ಸ್ವಿಚ್ ಪೋರ್ಟ್, ಕೆಳಗಿನಿಂದ ಬಂದ ಬಸ್ ಸಂಖ್ಯೆ ತನ್ನ ವ್ಯಾಪ್ತಿಯಲ್ಲಿ ಇಲ್ಲದಿದ್ದರೆ ಪ್ಯಾಕೆಟ್ ಅನ್ನು ತಡೆಯಬಹುದು. ಓಡುವ ಡಿಸ್ಕ್‌ನ ಬಸ್ ಸಂಖ್ಯೆ ಬದಲಿಸಬೇಕು ಎಂದರೆ ಅದರ ಎಲ್ಲ ಕೆಲಸ ನಿಲ್ಲಿಸಿ, ಇವೆಲ್ಲವನ್ನೂ ಒಟ್ಟಿಗೇ ಬದಲಿಸಬೇಕು. ಒಂದು ಡಾಕ್‌ಗಾಗಿ ಬೇರೆಯವರ ಡೇಟಾ ಪಣಕ್ಕಿಡುವುದು ಸರಿಯಲ್ಲ.

ಆಗದಿದ್ದರೆ ಅಚ್ಚುಕಟ್ಟಾಗಿ ಸೋಲೊಪ್ಪಿಕೊಳ್ಳಿ. ಸೆಕೆಂಡರಿ ಮತ್ತು ಸಬಾರ್ಡಿನೇಟ್ ಎರಡನ್ನೂ 0 ಮಾಡಿ. ಮರದಲ್ಲಿ ಸೇರಿಸಿದ್ದನ್ನು ತೆಗೆಯಿರಿ. ಲಾಗ್‌ನಲ್ಲಿ ಯಾವ ಪೋರ್ಟ್, ಎಷ್ಟು ಬೇಕಿತ್ತು, ಎಷ್ಟಿತ್ತು, ಯಾವ ಬೂಟ್ ಆಯ್ಕೆಯಿಂದ ಹೆಚ್ಚಿಸಬಹುದು ಎಂದು ಬರೆಯಿರಿ. ಬಳಸುವವರು ಅದೊಂದು ಸಾಲಿನಿಂದ ದಾರಿ ಕಂಡುಕೊಳ್ಳುತ್ತಾರೆ.

ಹೆಜ್ಜೆ 8: ಸಾಧನ ಹೋದಾಗ

ಎಲೆಯಿಂದ ಬೇರಿನ ಕಡೆಗೆ ಬನ್ನಿ. ಮೊದಲು ಡ್ರೈವರ್ ಬಿಡಿಸಿ, ಆಮೇಲೆ ಫಂಕ್ಷನ್, ಆಮೇಲೆ ಬಸ್, ಆಮೇಲೆ ಮರದಲ್ಲಿನ ವ್ಯಾಪ್ತಿ. ಸಾಧನವನ್ನು ಆಗಲೇ ಕಿತ್ತುಬಿಟ್ಟಿದ್ದರೆ ಓದಿದ್ದೆಲ್ಲ 1ಗಳಾಗಿ ಬರುತ್ತವೆ. ಆಗ ಅದಕ್ಕೆ ಬರೆಯುವ ಪ್ರಯತ್ನ ಬೇಡ, ನಿಮ್ಮ ಮರವನ್ನಷ್ಟೇ ಸ್ವಚ್ಛ ಮಾಡಿ.

ಎರಡು ಎಚ್ಚರ. ಹಾಟ್‌ಪ್ಲಗ್ ಪೋರ್ಟ್‌ನ ಸ್ವಂತ ವ್ಯಾಪ್ತಿ ಹಾಗೇ ಇರಲಿ. ಖಾಲಿಯಾಯಿತು ಎಂದು ಅದನ್ನು ಕುಗ್ಗಿಸಿ ಇನ್ನೊಬ್ಬರಿಗೆ ಕೊಟ್ಟರೆ ಅದೇ ಡಾಕ್ ಮತ್ತೆ ಬಂದಾಗ ಜಾಗ ಇರುವುದಿಲ್ಲ. ಎರಡನೆಯದು, ಐಒಎಂಎಂಯುನಲ್ಲಿ ಹಳೆಯ ಬಸ್‌ನ ನಮೂದು ಅಳಿಸಿ, ಅದರ ಕ್ಯಾಶ್ ಕೂಡ ಖಾಲಿ ಮಾಡುವವರೆಗೆ ಆ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ. ಇಲ್ಲದಿದ್ದರೆ ಹೊಸ ಸಾಧನಕ್ಕೆ ಹಳೆಯ ಸಾಧನದ ಮೆಮೊರಿ ಅನುಮತಿ ಸಿಕ್ಕಿಬಿಡುತ್ತದೆ.

ಎಸ್‌ಆರ್-ಐಒವಿ ಇದ್ದರೆ

ಈ ಸೌಲಭ್ಯ ಇರುವ ಒಂದು ಕಾರ್ಡ್ ನೂರಾರು ವರ್ಚುವಲ್ ಫಂಕ್ಷನ್ ತೋರಿಸಬಹುದು. ಅವುಗಳ ಗುರುತು ಮೂಲ ಫಂಕ್ಷನ್‌ನ ಗುರುತಿಗೆ ಆಫ್‌ಸೆಟ್ ಮತ್ತು ಸ್ಟ್ರೈಡ್ ಸೇರಿಸುತ್ತಾ ಹೋದಂತೆ ಸಿಗುತ್ತದೆ. ಹಾಗೆ ಹೋಗುತ್ತಾ ಮುಂದಿನ ಬಸ್ ಸಂಖ್ಯೆಗೆ ದಾಟಬಹುದು, ನಡುವೆ ಬ್ರಿಡ್ಜ್ ಇಲ್ಲದೆಯೇ! ಕೊನೆಯ ಫಂಕ್ಷನ್‌ನ ಗುರುತು ಲೆಕ್ಕ ಹಾಕಿ. ಅದರ ಮೇಲಿನ 8 ಬಿಟ್ ಏನು ಬರುತ್ತದೋ ಅಲ್ಲಿಯವರೆಗೆ ಪೋರ್ಟ್‌ನ ಸಬಾರ್ಡಿನೇಟ್ ಇರಬೇಕು. ಇದನ್ನು ಸ್ಕ್ಯಾನ್ ಸಮಯದಲ್ಲೇ ಮೀಸಲಿಡಿ, ಡ್ರೈವರ್ ಕೇಳಿದಾಗ ತಡವಾಗಿರುತ್ತದೆ.

ಪರೀಕ್ಷೆ

ಇದಕ್ಕೆ ನಿಜವಾದ ಡಾಕ್ ಬೇಕಿಲ್ಲ. ಯಂತ್ರವನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಕ್ಯೂಇಎಂಯುನಲ್ಲಿ ಕ್ಯೂ35 ಎಂಬ ಮಾದರಿ ಯಂತ್ರ ತೆಗೆದುಕೊಂಡು ಒಂದು ಪಿಸಿಐಇ ರೂಟ್ ಪೋರ್ಟ್ ಹಾಕಿ. ಬೂಟ್ ಆದ ಮೇಲೆ ಮಾನಿಟರ್‌ನಿಂದ ಡಿವೈಸ್-ಆಡ್ ಆದೇಶ ಕೊಟ್ಟು ಅದಕ್ಕೆ ಪಿಸಿಐಇ-ಪಿಸಿಐ ಬ್ರಿಡ್ಜ್ ಸೇರಿಸಿ. ರೂಟ್ ಪೋರ್ಟ್‌ಗೆ ಒಂದೇ ಸಂಖ್ಯೆ ಸಿಕ್ಕಿರುವುದರಿಂದ ಬ್ರಿಡ್ಜ್‌ನ ಕೆಳಗಿನ ಬಸ್‌ಗೆ ಸಂಖ್ಯೆ ಇರುವುದಿಲ್ಲ. ಮೊದಲು ಹೇಳಿದ ದೋಷ ಕಣ್ಣೆದುರೇ ಬರುತ್ತದೆ. ಈಗ ಯಂತ್ರ ನಿಲ್ಲಿಸಿ, ರೂಟ್ ಪೋರ್ಟ್‌ನ ಬಸ್-ರಿಸರ್ವ್ ಗುಣಕ್ಕೆ 1 ಕೊಟ್ಟು ಮತ್ತೆ ಶುರು ಮಾಡಿ. ಅದೇ ಬ್ರಿಡ್ಜ್ ಈ ಸಲ ಸೇರಿಕೊಳ್ಳಬೇಕು. ಕ್ಯೂಇಎಂಯುನ 6.1ನೇ ಆವೃತ್ತಿಯಿಂದ ಕ್ಯೂ35ರಲ್ಲಿ ಹಾಟ್‌ಪ್ಲಗ್ ಡೀಫಾಲ್ಟ್ ಆಗಿ ಎಸಿಪಿಐ ಮೂಲಕ ಹೋಗುತ್ತದೆ. ನಿಮ್ಮ ಕರ್ನಲ್ ಪಿಸಿಐ ಎಕ್ಸ್‌ಪ್ರೆಸ್‌ನ ಸ್ವಂತ ಹಾಟ್‌ಪ್ಲಗ್ ಅನ್ನೇ ನೋಡುತ್ತಿದ್ದರೆ ಎಸಿಪಿಐ ಹಾಟ್‌ಪ್ಲಗ್ ಅನ್ನು ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಇಂಟರಪ್ಟ್ ಬರುವುದೇ ಇಲ್ಲ.

ಲಿನಕ್ಸ್ ಜೊತೆ ಹೋಲಿಸಿ ನೋಡಲು ಪಿಸಿಐ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಆದೇಶದ ಮರದ ನೋಟ ಚೆನ್ನಾಗಿದೆ. ವಿವರದ ನೋಟದಲ್ಲಿ ಪ್ರತಿ ಬ್ರಿಡ್ಜ್‌ನ ಪ್ರೈಮರಿ, ಸೆಕೆಂಡರಿ, ಸಬಾರ್ಡಿನೇಟ್ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ಅವು ಹದಿನಾರರ ಲೆಕ್ಕದಲ್ಲಿವೆ ಎಂಬುದು ನೆನಪಿರಲಿ. ಅಲ್ಲಿನ 10 ಎಂದರೆ ನಿಮ್ಮ 16.

ಕೊನೆಗೆ ಒಂದು ಸ್ಕ್ರಿಪ್ಟ್ ಬರೆಯಿರಿ. ಬ್ರಿಡ್ಜ್ ಸೇರಿಸಿ, ಅದರ ಕೆಳಗೆ ಒಂದು ನೆಟ್‌ವರ್ಕ್ ಕಾರ್ಡ್ ಸೇರಿಸಿ, ಎರಡನ್ನೂ ತೆಗೆಯಿರಿ. ಇದನ್ನು ಸಾವಿರ ಸಲ ಮಾಡಿ, ಪ್ರತಿ ಸಲ ಹೆಜ್ಜೆ 2ರ ತಪಾಸಣೆ ಫಂಕ್ಷನ್ ಓಡಲಿ. ಮೊದಲ ಸಲ ಸಿಕ್ಕ ಬಸ್ ಸಂಖ್ಯೆಯೇ ಸಾವಿರನೇ ಸಲವೂ ಸಿಗಬೇಕು. ಒಂದು ಹೆಚ್ಚಾದರೂ ತೆಗೆಯುವ ದಾರಿಯಲ್ಲಿ ಎಲ್ಲೋ ಒಂದು ಸಂಖ್ಯೆ ಸೋರುತ್ತಿದೆ. ಹೆಜ್ಜೆ 8ಕ್ಕೆ ವಾಪಸ್ ಹೋಗಿ ನೋಡಿ.